ಯಾರಿಗೂ ಗೊತ್ತಿಲ್ಲದವರ ಮೊದಲ ಆಲ್ಬಮ್‌ಗೆ ಎಷ್ಟು ಬೆಲೆ ಇಡೋದು?

ಒಂಟಿ ಗಿಟಾರು:
ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಆಲ್ಬಮ್ ಮುಗಿದಿದೆ. 9 ಹಾಡು, 38 ನಿಮಿಷ. ಮಾಸ್ಟರಿಂಗ್ (ಧ್ವನಿಗೆ ಕೊನೆಯ ಹದ ಕೊಡೋ ಕೆಲಸ) ಆಗಿ ಫೈಲ್ ಕೈಗೆ ಬಂದಿದೆ, ಕವರ್ ಚಿತ್ರವೂ ಸಿದ್ಧ. ಸಂಗೀತಗಾರರು ತಮ್ಮ ಹಾಡನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟ್‌ನಲ್ಲಿ ಹಾಕೋಣ ಅಂತ ಕೂತೆ. ಎಲ್ಲ ತುಂಬಿಸಿ ಆಯ್ತು, ಬೆಲೆ ಅನ್ನುವ ಜಾಗ ಮಾತ್ರ ಖಾಲಿ ಉಳಿದಿದೆ.

ನನಗೆ ಲೇಬಲ್ (ಆಲ್ಬಮ್ ಹೊರತರುವ ಕಂಪನಿ) ಇಲ್ಲ, ಮ್ಯಾನೇಜರ್ ಇಲ್ಲ, ಹೆಸರು ಕೇಳಿದವರೂ ಇಲ್ಲ. ಒಬ್ಬ ಗೆಳೆಯ "ಪುಕ್ಕಟೆ ಕೊಡು, ಮೊದಲು ಜನ ಕೇಳಲಿ" ಅಂತಾನೆ. ಇನ್ನೊಬ್ಬ "ಪುಕ್ಕಟೆ ಸಿಕ್ಕಿದ್ದಕ್ಕೆ ಯಾರೂ ಕಿಮ್ಮತ್ತು ಕೊಡಲ್ಲ, 10 ಡಾಲರ್ ಇಡು" ಅಂತಾನೆ. ನಾನು ಯೋಚಿಸಿದ್ದು ಬೇರೆ. ಮಿಕ್ಸಿಂಗ್, ಮಾಸ್ಟರಿಂಗ್, ಡ್ರಮ್ ನುಡಿಸಿದವರಿಗೆ ಕೊಟ್ಟದ್ದು, ಎಲ್ಲ ಕೂಡಿಸಿ, ಎಷ್ಟು ಜನ ಕೊಳ್ಳಬಹುದೋ ಅದರಿಂದ ಭಾಗಿಸಿದರೆ ಬೆಲೆ ಸಿಗುತ್ತೆ ಅಲ್ವಾ? ಆದರೆ ಎಷ್ಟು ಜನ ಕೊಳ್ತಾರೆ ಅನ್ನೋದೇ ಗೊತ್ತಿಲ್ಲ. ಅನುಭವ ಇರುವವರು ಹೇಳಿ.

ಲೆಕ್ಕದ ಪುಸ್ತಕ:
ಅಭಿನಂದನೆ. ಮುಗಿಸೋದೇ ದೊಡ್ಡದು, ಎಷ್ಟೋ ಜನರ ಆಲ್ಬಮ್ ಹಾರ್ಡ್ ಡಿಸ್ಕ್‌ನಲ್ಲೇ ಹಳೆಯದಾಗುತ್ತೆ.

ನಿಮ್ಮ ಭಾಗಾಕಾರ ಮಾತ್ರ ಬಿಟ್ಟುಬಿಡಿ. ಆ ಖರ್ಚು ಆಗಿಹೋಗಿದೆ. ನೀವು 1 ಡಾಲರ್ ಇಟ್ಟರೂ 20 ಇಟ್ಟರೂ ಮಾಸ್ಟರಿಂಗ್ ಮಾಡಿದವರು ಹಣ ವಾಪಸ್ ಕೊಡೋದಿಲ್ಲ. ಕೇಳುವವರಿಗೂ ಅದು ಬೇಕಾಗಿಲ್ಲ. ನಿಮ್ಮ ಆಲ್ಬಮ್ ದುಬಾರಿ ಸ್ಟುಡಿಯೋದಲ್ಲಿ ಆಯ್ತಾ, ಮಲಗುವ ಕೋಣೆಯಲ್ಲಿ ಆಯ್ತಾ ಅಂತ ನೋಡಿ ಯಾರೂ ಹಣ ಕೊಡಲ್ಲ. ಡೌನ್‌ಲೋಡ್‌ಗೆ ಇನ್ನೊಂದು ಪ್ರತಿ ಮಾಡೋಕೆ ನಿಮಗೆ ಹೆಚ್ಚು ಕಡಿಮೆ ಏನೂ ಖರ್ಚಿಲ್ಲ. ಹಾಗಾಗಿ ಅಲ್ಲಿ ಖರ್ಚು ಬೆಲೆಯನ್ನು ತೀರ್ಮಾನಿಸೋದಿಲ್ಲ.

ಸಿಡಿ, ಎಲ್‌ಪಿ, ಟೀಶರ್ಟ್ ಕಥೆ ಬೇರೆ. ಅಲ್ಲಿ ಒಂದೊಂದು ತುಂಡಿಗೂ ಮುದ್ರಣ, ಕವರ್, ಅಂಚೆ ಖರ್ಚು ಇದೆ. ಅಲ್ಲಿ ಲೆಕ್ಕ ತಪ್ಪಿದರೆ ಜಾಸ್ತಿ ಮಾರಿದಷ್ಟೂ ಜಾಸ್ತಿ ನಷ್ಟ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಡಿ.

ತಾಳ ತಪ್ಪಿದವ:
ಸುಮ್ನೆ ಪುಕ್ಕಟೆ ಕೊಡಿ ಗುರು. ಹೆಸರಿಲ್ಲದವನ ದೊಡ್ಡ ಶತ್ರು ಕಳ್ಳ ಡೌನ್‌ಲೋಡ್ ಅಲ್ಲ, ಯಾರೂ ಕೇಳದೆ ಇರೋದು. ರೇಡಿಯೋಹೆಡ್‌ನಂಥ ಬ್ಯಾಂಡೇ 2007ರಲ್ಲಿ ಇಡೀ ಆಲ್ಬಮ್ಮನ್ನು "ನಿಮಗೆ ತೋಚಿದಷ್ಟು ಕೊಡಿ" ಅಂತ ಬಿಟ್ಟರು. ಅವರಿಗೇ ಇಲ್ಲದ ಬಿಂಕ ನಮಗ್ಯಾಕೆ?

ಹಳೇ ಕ್ಯಾಸೆಟ್:
ಈ ಉದಾಹರಣೆ ಬರುತ್ತೆ ಅಂತ ಗೊತ್ತಿತ್ತು. ಬೆಲೆ ಮಾತು ಎಲ್ಲಿ ಎದ್ದರೂ ರೇಡಿಯೋಹೆಡ್ ಬಂದೇ ಬರುತ್ತೆ.

ಸ್ವಾಮಿ, ಅವರು ಅಷ್ಟೊತ್ತಿಗೆ ಆರು ಆಲ್ಬಮ್ ಮಾಡಿ ಲೋಕಕ್ಕೆಲ್ಲ ಗೊತ್ತಿದ್ದವರು. ಅವರನ್ನು ಬೆಳೆಸಿದ್ದು ದೊಡ್ಡ ಲೇಬಲ್‌ನ ಪ್ರಚಾರ. ಆ ಬೆಲೆ ಪದ್ಧತಿಯೇ ಸುದ್ದಿಯಾಯ್ತು, ಸುದ್ದಿಯೇ ಜಾಹೀರಾತಾಯ್ತು. ಜೊತೆಗೆ ಸಿಡಿ, ಎಲ್‌ಪಿ ಎಲ್ಲ ಇದ್ದ 40 ಪೌಂಡಿನ ಡಿಸ್ಕ್ ಬಾಕ್ಸ್ ಕೂಡ ಮಾರಿದರು, ಅದನ್ನು ಯಾರೂ ನೆನಪಿಸಿಕೊಳ್ಳಲ್ಲ. ಡೌನ್‌ಲೋಡ್ ಪುಕ್ಕಟೆ ತಗೊಂಡವರೇ ಹಣ ಕೊಟ್ಟವರಿಗಿಂತ ಜಾಸ್ತಿ ಅಂತ ಆಮೇಲೆ ಅವರ ಕಡೆಯವರೇ ಹೇಳಿದರು. ಆದರೂ ಅವರಿಗೆ ಲಾಭವೇ, ಯಾಕೆ ಅಂದರೆ ತಗೊಂಡವರ ಸಂಖ್ಯೆ ಅಷ್ಟು ದೊಡ್ಡದು. ನಮ್ಮ ಆಲ್ಬಮ್ಮನ್ನು ಮೂವತ್ತು ಜನ ಪುಕ್ಕಟೆ ತಗೊಂಡರೆ ಸುದ್ದಿಯೂ ಇಲ್ಲ, ಹಣವೂ ಇಲ್ಲ.

ಮಿಕ್ಸಿಂಗ್ ಮೇಜು:
ಇದಕ್ಕಿಂತ ನಮಗೆ ಹತ್ತಿರದ ಉದಾಹರಣೆ ಅಮೆರಿಕದ ಕವಿ, ಗಾಯಕ ಸಾಲ್ ವಿಲಿಯಮ್ಸ್ ಅವರದ್ದು. ಅದೇ 2007ರ ಕೊನೆಯಲ್ಲಿ ಅವರ ಆಲ್ಬಮ್ ಬಂತು. ನಿರ್ಮಾಣದಲ್ಲಿ ನೈನ್ ಇಂಚ್ ನೈಲ್ಸ್ ಬ್ಯಾಂಡ್‌ನ ಟ್ರೆಂಟ್ ರೆಜ್ನರ್ ಕೈ ಇತ್ತು. ಎರಡೇ ಆಯ್ಕೆ: ಪುಕ್ಕಟೆ, ಇಲ್ಲವೇ 5 ಡಾಲರ್. ಹಣ ಕೊಟ್ಟವರಿಗೆ ಇನ್ನೂ ಒಳ್ಳೆ ಗುಣಮಟ್ಟದ ಫೈಲ್ ಕೂಡ ಸಿಗ್ತಿತ್ತು. 2008ರ ಜನವರಿಯಲ್ಲಿ ರೆಜ್ನರ್ ಲೆಕ್ಕವನ್ನು ಎಲ್ಲರ ಮುಂದೆ ಇಟ್ಟರು. ಇಳಿಸಿಕೊಂಡವರು 1,54,449 ಜನ. 5 ಡಾಲರ್ ಕೊಟ್ಟವರು 28,322. ಅಂದರೆ ನೂರಕ್ಕೆ ಹದಿನೆಂಟು.

ರೆಜ್ನರ್‌ಗೆ ಇದು ಬೇಸರ ತಂದಿತ್ತು, ಅದನ್ನು ಅವರೇ ಬರೆದುಕೊಂಡರು. ಇದೇ ಕಲಾವಿದರ 2004ರ ಆಲ್ಬಮ್ ಅಂಗಡಿಯಲ್ಲಿ 33,897 ಪ್ರತಿ ಮಾರಿತ್ತು. ಹಣ ಕೊಟ್ಟವರ ಸಂಖ್ಯೆ ಅದಕ್ಕಿಂತ ಕಡಿಮೆ ಆಯ್ತು. ಇನ್ನೊಂದು ಕಡೆಯಿಂದ ನೋಡಿದರೆ ಒಂದೂವರೆ ಲಕ್ಷ ಜನರ ಕೈಗೆ ಸಂಗೀತ ತಲುಪಿತು, ನಡುವೆ ಲೇಬಲ್ ಇಲ್ಲದೆ. ಯಾವುದನ್ನು ಗೆಲುವು ಅಂತೀರಿ ಅನ್ನೋದು ನಿಮಗೆ ಬಿಟ್ಟದ್ದು. ನನಗೆ ಅದರಲ್ಲಿ ಕಾಣಿಸೋದು ಒಂದೇ. ಎರಡು ಬಾಗಿಲು ತೆರೆದಿಟ್ಟು ಒಂದರ ಮೇಲೆ ಪುಕ್ಕಟೆ ಅಂತ ಬರೆದರೆ, ಹಣ ಕೊಡಲು ತಯಾರಿದ್ದವರಲ್ಲೂ ಎಷ್ಟೋ ಜನ ಆ ಬಾಗಿಲಲ್ಲೇ ಹೋಗ್ತಾರೆ. ಕೆಟ್ಟವರು ಅಂತಲ್ಲ. ಕಾರ್ಡ್ ಹುಡುಕಬೇಕು, ನಂಬರ್ ಹಾಕಬೇಕು, ನಾಳೆ ಕೊಡೋಣ ಅಂದುಕೊಳ್ತಾರೆ. ಆ ನಾಳೆ ಬರೋದೇ ಇಲ್ಲ.

ತಾಳ ತಪ್ಪಿದವ:
ಒಂದೂವರೆ ಲಕ್ಷ ಜನ ಕೇಳಿದ್ದನ್ನು ಸೋಲು ಅನ್ನೋದು ನಿಮ್ಮಿಂದ ಮಾತ್ರ ಸಾಧ್ಯ ಬಿಡಿ.

ಕೇಳುಗ ಮಾತ್ರ:
ನಾನು ಸಂಗೀತಗಾರ ಅಲ್ಲ, ಕೊಳ್ಳುವವನು. ನನ್ನ ಕಡೆಯಿಂದ ಹೇಳ್ತೀನಿ.

ಹೊಸಬರ ಆಲ್ಬಮ್ ಸಿಕ್ಕಿದರೆ ಮೊದಲು ಒಂದು ಹಾಡು ಪೂರ್ತಿ ಕೇಳ್ತೀನಿ. ಇಷ್ಟವಾದರೆ ಇನ್ನೆರಡು. ಅಲ್ಲಿಗೆ ತೀರ್ಮಾನ ಆಗಿರುತ್ತೆ. ಆಮೇಲೆ ಬೆಲೆ 5 ಇದ್ದರೂ 8 ಇದ್ದರೂ ನನ್ನ ಮನಸ್ಸು ಬದಲಾಗಲ್ಲ. 15 ಇದ್ದರೆ ಮಾತ್ರ "ಆಮೇಲೆ ನೋಡೋಣ" ಅಂತ ಪಟ್ಟಿಗೆ ಹಾಕ್ತೀನಿ, ಮರೆತೂ ಹೋಗುತ್ತೆ. ಕೇಳೋಕೇ ಬಿಡದೆ, 30 ಸೆಕೆಂಡ್ ತುಣುಕು ಇಟ್ಟು 3 ಡಾಲರ್ ಕೇಳಿದರೂ ಕೊಳ್ಳಲ್ಲ. ನನಗೆ ಅಡ್ಡಿಯಾಗೋದು ಬೆಲೆ ಅಲ್ಲ, ಒಳಗೆ ಏನಿದೆ ಅಂತ ಗೊತ್ತಿಲ್ಲದಿರೋದು.

1 ಡಾಲರ್, 2 ಡಾಲರ್ ಅಂತ ಇಟ್ಟಿದ್ದು ನೋಡಿದರೆ ನನಗಂತೂ ಅನುಮಾನ. ಮಾಡಿದವರಿಗೇ ಇದರ ಮೇಲೆ ನಂಬಿಕೆ ಇಲ್ಲವೇನೋ ಅನ್ನಿಸುತ್ತೆ.

ಲೆಕ್ಕದ ಪುಸ್ತಕ:
1 ಡಾಲರ್ ವಿಷಯ ಎತ್ತಿದ್ದು ಒಳ್ಳೆಯದಾಯ್ತು. ಅದರಲ್ಲಿ ಕೈಗೆ ಬರೋದೆಷ್ಟು ನೋಡಿ.

ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15 ಇಟ್ಟುಕೊಳ್ಳುತ್ತೆ. ಒಂದು ವರ್ಷದಲ್ಲಿ 5,000 ಡಾಲರ್ ಮಾರಾಟ ದಾಟಿದರೆ ಅದು ಶೇ. 10ಕ್ಕೆ ಇಳಿಯುತ್ತೆ. ಸಿಡಿ, ಎಲ್‌ಪಿ, ಬಟ್ಟೆಗೆ ಮೊದಲಿನಿಂದಲೂ ಶೇ. 10. ಇದರ ಮೇಲೆ ಹಣ ದಾಟಿಸುವ ಕಂಪನಿಯ ಶುಲ್ಕ ಬೇರೆ. ಆ ಶುಲ್ಕದಲ್ಲಿ ಸಾಮಾನ್ಯವಾಗಿ ಎರಡು ಭಾಗ: ಒಂದಿಷ್ಟು ಶೇಕಡಾ, ಜೊತೆಗೆ ಪ್ರತಿ ಸಲಕ್ಕೂ ಒಂದು ನಿಗದಿ ಮೊತ್ತ. ಆ ನಿಗದಿ ಮೊತ್ತವೇ ಸಣ್ಣ ಬೆಲೆಯನ್ನು ತಿಂದುಹಾಕೋದು.

ಲೆಕ್ಕಕ್ಕೆ ಶೇ. 3 ಮತ್ತು 30 ಸೆಂಟ್ ಅಂತ ಇಟ್ಟುಕೊಳ್ಳಿ. 1 ಡಾಲರ್‌ಗೆ ಮಾರಿದರೆ 15 ಸೆಂಟ್ ಬ್ಯಾಂಡ್‌ಕ್ಯಾಂಪ್‌ಗೆ, 33 ಸೆಂಟ್ ಹಣ ದಾಟಿಸುವವರಿಗೆ, ನಿಮಗೆ 52. ಹತ್ತಿರಹತ್ತಿರ ಅರ್ಧದಷ್ಟು ಹಣ ದಾರಿಯಲ್ಲೇ ಹೋಯ್ತು. 7 ಡಾಲರ್‌ಗೆ ಮಾರಿದರೆ 1.05 ಅಲ್ಲಿ, 51 ಸೆಂಟ್ ಇಲ್ಲಿ, ನಿಮಗೆ 5.44. ಅಂದರೆ 7 ಡಾಲರ್ ಕೊಡುವ ಒಬ್ಬರು, 1 ಡಾಲರ್ ಕೊಡುವ ಹತ್ತು ಜನಕ್ಕಿಂತ ಜಾಸ್ತಿ. ಹೆಸರಿಲ್ಲದವರಿಗೆ ಆ ಹತ್ತು ಜನರನ್ನು ಹುಡುಕೋದೇ ಕಷ್ಟದ ಕೆಲಸ. ಬೆಲೆ ಇಳಿಸಿದ ಕೂಡಲೇ ಜನ ಹತ್ತು ಪಟ್ಟು ಆಗಲ್ಲ.

ಹಳೇ ಕ್ಯಾಸೆಟ್:
ಹಾಗಾದರೆ 10 ಯಾಕಾಗಬಾರದು? ಆಲ್ಬಮ್ ಅಂದರೆ 10 ಅಂತ ಎಲ್ಲರ ತಲೆಯಲ್ಲೂ ಕೂತಿದೆ.

ಮಿಕ್ಸಿಂಗ್ ಮೇಜು:
ಅದು ಕೂತದ್ದು 2003ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಆಪಲ್‌ನ ಆನ್‌ಲೈನ್ ಐಟ್ಯೂನ್ಸ್ ಅಂಗಡಿ ತೆರೆಯಿತು, ಹಾಡಿಗೆ 99 ಸೆಂಟ್, ಆಲ್ಬಮ್‌ಗೆ ಹೆಚ್ಚಾಗಿ 9.99. ಆಗ ಹೋಲಿಕೆ ಇದ್ದದ್ದು ಅಂಗಡಿಯ ಸಿಡಿ ಜೊತೆ, ಹಾಗಾಗಿ 9.99 ಅಗ್ಗ ಅನ್ನಿಸಿತು. ಈಗ ಹೋಲಿಕೆ ಸ್ಟ್ರೀಮಿಂಗ್ ಜೊತೆ. ಹೆಚ್ಚು ಕಡಿಮೆ ಅಷ್ಟೇ ಹಣಕ್ಕೆ ತಿಂಗಳಿಡೀ ಲೋಕದ ಸಂಗೀತವೆಲ್ಲ ಸಿಗುತ್ತೆ. ಯಾರೂ ಇವತ್ತು ಸಂಗೀತ "ಬೇಕು" ಅಂತ ಡೌನ್‌ಲೋಡ್ ಕೊಳ್ಳಲ್ಲ. ಕೇಳೋಕೆ ಕೊಳ್ಳುವ ಅಗತ್ಯವೇ ಇಲ್ಲ. ಮಾಡಿದವರಿಗೆ ಹಣ ಮುಟ್ಟಲಿ ಅಂತ ಕೊಳ್ತಾರೆ.

ನನ್ನ ಮಟ್ಟಿಗೆ ಇಡೀ ಪ್ರಶ್ನೆಗೆ ಕೀಲಿ ಇದೇ. ಬೆಲೆ ಇಡೋದು ಅಪರಿಚಿತರನ್ನು ಓಲೈಸೋಕೆ ಅಲ್ಲ. ಅಪರಿಚಿತರು ಪುಕ್ಕಟೆಯಾಗಿ ಕೇಳಲಿ, ಎಷ್ಟು ಸಲ ಬೇಕಾದರೂ. ಬೆಲೆ ಇರೋದು ಈಗಾಗಲೇ ಇಷ್ಟಪಟ್ಟ ನಾಲ್ಕು ಜನರಿಗೆ. ಅವರು ಮುಜುಗರ ಇಲ್ಲದೆ ಕೊಡಬಹುದಾದ ಒಂದು ಮೊತ್ತ ಹೇಳಿ, ಅದಕ್ಕಿಂತ ಜಾಸ್ತಿ ಕೊಡೋ ದಾರಿಯನ್ನೂ ತೆರೆದಿಡಿ.

ಆ ದಾರಿ ಬ್ಯಾಂಡ್‌ಕ್ಯಾಂಪ್‌ನಲ್ಲಿ ಇದೆ. ಕನಿಷ್ಠ ಬೆಲೆ ನೀವು ಹಾಕ್ತೀರಿ, "ಬೇಕಿದ್ದರೆ ಜಾಸ್ತಿ ಕೊಡಿ" ಅನ್ನೋದು ಅದರ ಜೊತೆಗೇ ಇರುತ್ತೆ. ಅದನ್ನು ಆಫ್ ಮಾಡಬೇಡಿ. 6 ಅಂತ ಬರೆದಿದ್ದ ಕಡೆ 10, 20 ಕೊಟ್ಟು ಹೋಗುವವರಿದ್ದಾರೆ. ಮಾರಾಟ ಆಯ್ತು ಅಂತ ಇಮೇಲ್ ಬಂದಾಗ ನೋಡಿ: ಮೊತ್ತದ ಕೆಳಗೆ ಒಂದು ಸಾಲು ಬರೆದಿರ್ತಾರೆ, "ನಾಲ್ಕನೇ ಹಾಡಿನ ಕೊನೆಯಲ್ಲಿ ತಂತಿ ಮೇಲೆ ಬೆರಳು ಜಾರೋ ಸದ್ದು ಹಾಗೇ ಬಿಟ್ಟಿದ್ದೀರಲ್ಲ, ಚೆನ್ನಾಗಿದೆ" ಅಂತ. ನಾನು ಎಡಿಟ್‌ನಲ್ಲಿ ಕತ್ತರಿಸಬೇಕು ಅಂತ ಹಟ ಹಿಡಿದಿದ್ದ ಸದ್ದು ಅದು. ಬ್ಯಾಂಡ್‌ನವರು ಒಪ್ಪಿರಲಿಲ್ಲ.

ಒಂಟಿ ಗಿಟಾರು:
ಹಾ ಹಾ, ನನ್ನದರಲ್ಲೂ ಅಂಥ ಸದ್ದು ಬೇಕಾದಷ್ಟಿದೆ.

ಕೇಳೋಕೆ ಪುಕ್ಕಟೆ ಬಿಟ್ಟರೆ ಸ್ಪಾಟಿಫೈಗೂ ಹಾಕಬೇಕಾ? ಅಲ್ಲಿಂದ ಸ್ವಲ್ಪ ಹಣ ಬಂದರೆ ಡೌನ್‌ಲೋಡ್ ಬೆಲೆ ಇಳಿಸಬಹುದಲ್ಲ?

ಬಾಸ್ ಲೈನ್:
ಹಾಕಿ, ಆದರೆ ಹಣ ಅಂತ ಲೆಕ್ಕಕ್ಕೆ ತಗೋಬೇಡಿ. 2024ರಿಂದ ಅಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಓಡದಿದ್ದರೆ ಆ ರೆಕಾರ್ಡಿಂಗ್‌ಗೆ ರಾಯಲ್ಟಿಯೇ ಇಲ್ಲ. ಹೊಸಬರ ಆಲ್ಬಮ್‌ನಲ್ಲಿ ಒಂದು ಹಾಡು ದಾಟಬಹುದು, ಉಳಿದ ಎಂಟು ದಾಟಲ್ಲ. ದಾಟಿದ್ದಕ್ಕೂ ಸಿಗೋದು ಚಿಲ್ಲರೆ. ಜನ ಹುಡುಕಿದರೆ ಸಿಗಲಿ ಅಂತ ಅಲ್ಲಿರಬೇಕು, ಅಷ್ಟೇ. ಹಾಡನ್ನು ಅಲ್ಲಿಗೆ ತಲುಪಿಸೋ ವಿತರಣೆ ಕಂಪನಿಗಳು ಕೆಲವು ವರ್ಷವರ್ಷವೂ ಹಣ ಕೇಳ್ತವೆ, ಕೆಲವು ಪಾಲು ತಗೊಳ್ತವೆ. ಕಟ್ಟೋದು ನಿಲ್ಲಿಸಿದರೆ ಹಾಡು ತೆಗೆದುಬಿಡ್ತಾರಾ ಅಂತ ಮೊದಲೇ ಓದಿಕೊಳ್ಳಿ. ನನಗೆ ಅದರಿಂದ ಪೆಟ್ಟು ಬಿದ್ದಿದೆ. ಕಂಪನಿ ಹೆಸರು ಬೇಡ.

ಇನ್ನೊಂದು. 9ರಲ್ಲಿ ಬೇರೆಯವರ ಹಾಡು ಯಾವುದಾದರೂ ಇದೆಯಾ? ಇದ್ದರೆ "ಪುಕ್ಕಟೆ ಕೊಡ್ತಿದ್ದೀನಿ, ಲೈಸೆನ್ಸ್ ಯಾಕೆ" ಅನ್ನಬೇಡಿ. ನೀವು ಹಣ ತಗೊಳ್ಳದಿದ್ದ ಮಾತ್ರಕ್ಕೆ ಹಾಡು ಬರೆದವರ ಹಕ್ಕು ಹೋಗಲ್ಲ.

ಒಂಟಿ ಗಿಟಾರು:
ಇಲ್ಲ, ಎಲ್ಲ ನನ್ನವೇ.

ತಾಳ ತಪ್ಪಿದವ:
ಸರಿ, ನಾನು ಹಟ ಬಿಡಲ್ಲ, ಆದರೆ ಸ್ವಲ್ಪ ಸರಿದು ನಿಲ್ತೀನಿ. ಇಡೀ ಆಲ್ಬಮ್ ಬೇಡ, ಎರಡು ಹಾಡು ಪುಕ್ಕಟೆ ಡೌನ್‌ಲೋಡ್ ಇಡಿ. ಬದಲಿಗೆ ಇಮೇಲ್ ವಿಳಾಸ ಕೇಳಿ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಆ ವ್ಯವಸ್ಥೆ ಇದೆ. ಮೊದಲ ಆಲ್ಬಮ್‌ನಿಂದ ಬರೋ ನಾಲ್ಕು ಕಾಸು ಮುಂದಿನ ರೆಕಾರ್ಡಿಂಗ್‌ಗೆ ಸಾಲಲ್ಲ. ಎರಡನೇ ಆಲ್ಬಮ್ ಬಂದ ದಿನ ಯಾರಿಗೆ ಹೇಳಬೇಕು ಅಂತ ಒಂದು ಪಟ್ಟಿ ಇದ್ದರೆ ಅದು ಆ ಕಾಸಿಗಿಂತ ಮೇಲು. ಪುಕ್ಕಟೆ ಅಂದರೆ ಸುಮ್ನೆ ಎಸೆಯೋದಲ್ಲ, ಹಣದ ಬದಲು ಬೇರೇನೋ ತಗೊಳ್ಳೋದು.

ಹಳೇ ಕ್ಯಾಸೆಟ್:
ಇದನ್ನು ಒಪ್ತೀನಿ. ಮೊದಲೇ ಹೀಗೆ ಹೇಳಿದ್ದರೆ ಇಷ್ಟು ಜಗಳ ಇರ್ತಿರಲಿಲ್ಲ.

ಲೆಕ್ಕದ ಪುಸ್ತಕ:
ಪುಕ್ಕಟೆ ಡೌನ್‌ಲೋಡ್‌ಗೂ ಮಿತಿ ಇದೆ ಅಂತ ಗಮನದಲ್ಲಿರಲಿ. ತಿಂಗಳಿಗೆ 200 ಉಚಿತವಾಗಿ ಸಿಗುತ್ತೆ, ಮುಗಿದರೆ ಹಣ ಕೊಟ್ಟು ಇನ್ನಷ್ಟು ತಗೋಬೇಕು. ಹೆಸರಿಲ್ಲದವರಿಗೆ ಈ ತೊಂದರೆ ಬಂದರೆ ಅದು ಖುಷಿಯ ತೊಂದರೆ.

ಬಿಡಿ ಹಾಡಿನ ಬೆಲೆಯನ್ನು ಆಲ್ಬಮ್ ಜೊತೆ ಸೇರಿಸಿ ಯೋಚಿಸಿ. ಹಾಡು 1 ಡಾಲರ್ ಅಂದರೆ 9 ಹಾಡಿಗೆ 9. ಆಲ್ಬಮ್ 6 ಇಟ್ಟರೆ ಮೂರ್ನಾಲ್ಕು ಹಾಡು ಇಷ್ಟವಾದವರು ಇಡೀ ಆಲ್ಬಮ್ಮೇ ತಗೊಳ್ತಾರೆ. ಹಾಡು 50 ಸೆಂಟ್ ಇಟ್ಟುಬಿಟ್ಟರೆ 9 ಹಾಡು ಬಿಡಿಬಿಡಿಯಾಗಿ 4.50ಕ್ಕೇ ಬಂದುಬಿಡುತ್ತೆ, 6 ಕೊಟ್ಟು ಆಲ್ಬಮ್ ತಗೊಳ್ಳೋರು ಪೆದ್ದರಾಗ್ತಾರೆ. ಇದನ್ನು ನೋಡದೆ ಹಾಕಿದವರು ಎಷ್ಟೋ ಜನ.

ಒಂಟಿ ಗಿಟಾರು:
ಸಿಡಿ ಮಾಡಿಸೋದು ಬೇಕಾ? ಕಾರ್ಯಕ್ರಮ ಒಂದೆರಡು ಸಿಕ್ಕಿವೆ.

ಬಾಸ್ ಲೈನ್:
ಕಾರ್ಯಕ್ರಮ ಇದ್ದರೆ ಬೇಕು. ಇಲ್ಲದಿದ್ದರೆ ಮಂಚದ ಕೆಳಗೆ ಪೆಟ್ಟಿಗೆ ಇಡೋಕೆ ಜಾಗ ನೋಡಿಕೊಳ್ಳಿ.

ಕಾರ್ಯಕ್ರಮ ಮುಗಿದ ಮೇಲೆ ಮೇಜಿನ ಹತ್ತಿರ ಏನಾಗುತ್ತೆ ಅಂತ ಹೇಳ್ತೀನಿ. ಒಬ್ಬರು ಬರ್ತಾರೆ. ಸಿಡಿ ಎತ್ತಿಕೊಳ್ತಾರೆ, ತಿರುಗಿಸಿ ಹಾಡಿನ ಪಟ್ಟಿ ಮೇಲೆ ಬೆರಳಾಡಿಸ್ತಾರೆ. "ಕೊನೆಗೆ ಹಾಡಿದ್ದು ಇದರಲ್ಲಿದೆಯಾ?" ಅಂತ ಕೇಳ್ತಾರೆ. ಇದೆ ಅಂದರೆ ಕೈ ಜೇಬಿಗೆ ಹೋಗುತ್ತೆ. ಅಷ್ಟರಲ್ಲಿ ಜೊತೆಗಿದ್ದವರು "ಮನೇಲಿ ಸಿಡಿ ಹಾಕೋಕೆ ಏನಿದೆ?" ಅಂತಾರೆ. ಕೈ ಜೇಬಿನಲ್ಲೇ ನಿಲ್ಲುತ್ತೆ. ಆ ಹೊತ್ತಿಗೆ ನೀವು "ಒಳಗೆ ಡೌನ್‌ಲೋಡ್ ಕೋಡ್ ಇರೋ ಚೀಟಿ ಇದೆ, ಫೋನಿನಲ್ಲೇ ಕೇಳಬಹುದು" ಅನ್ನಬೇಕು. ಆಗ ಹಣ ಹೊರಗೆ ಬರುತ್ತೆ.

ಅದಕ್ಕೇ ಮೇಜಿನ ಬೆಲೆ ರೌಂಡ್ ಫಿಗರ್ ಆಗಿರಲಿ. ಒಂದೇ ನೋಟಿನಲ್ಲಿ ಮುಗಿಯೋ ಹಾಗೆ. ಚಿಲ್ಲರೆ ಹುಡುಕೋ ಅರ್ಧ ನಿಮಿಷದಲ್ಲಿ ಹಿಂದೆ ನಿಂತವರು ಹೊರಟುಹೋಗ್ತಾರೆ. ಬೆಲೆಯನ್ನು ದೊಡ್ಡದಾಗಿ ಬರೆದು ಇಡಿ. ಎಷ್ಟು ಅಂತ ಬಾಯಿಬಿಟ್ಟು ಕೇಳೋಕೆ ನಾಚಿಕೆಪಡುವವರು ಜಾಸ್ತಿ.

ಲೆಕ್ಕದ ಪುಸ್ತಕ:
ಸಿಡಿ ಬೆಲೆಗೆ ನನ್ನ ಪದ್ಧತಿ: ಒಂದು ಪ್ರತಿಗೆ ಬಿದ್ದ ಖರ್ಚನ್ನು ಕಾಗದದ ಮೇಲೆ ಬರೆಯಿರಿ. ಕವರ್, ಚೀಟಿ, ಒಡೆದುಹೋಗುವವು, ಸ್ನೇಹಿತರಿಗೆ ಹಂಚುವವು, ವಿಮರ್ಶೆಗೆ ಕಳಿಸುವವು ಎಲ್ಲ ಸೇರಿಸಿ. ನೂರು ಮಾಡಿಸಿದರೆ ನೂರೂ ಮಾರಾಟ ಆಗಲ್ಲ. ಅರ್ಧ ಮಾರಿದರೆ ಮುದ್ರಣದ ಖರ್ಚು ಬರಬೇಕು, ಅಲ್ಲಿಗೆ ಬೆಲೆ ಇಡಿ. ಆ ಬೆಲೆ ಯಾರೂ ಕೊಡಲ್ಲ ಅನ್ನಿಸಿದರೆ ಬೆಲೆ ಇಳಿಸಬೇಡಿ, ಪ್ರತಿಗಳ ಸಂಖ್ಯೆ ಇಳಿಸಿ. ಅಂಚೆ ಖರ್ಚು ಬೇರೆಯಾಗಿ ತೋರಿಸಿ, ದೂರದ ದೇಶಕ್ಕೆ ಕಳಿಸಿದರೆ ಅದು ಸಿಡಿ ಬೆಲೆಯನ್ನೇ ಮೀರಬಹುದು.

ಮಿಕ್ಸಿಂಗ್ ಮೇಜು:
ಬೇರೆ ಬೇರೆ ಬೆಲೆಯ ಮೆಟ್ಟಿಲು ಇಡೋ ಬಗ್ಗೆ ಒಂದು ಮಾತು. ನೈನ್ ಇಂಚ್ ನೈಲ್ಸ್ 2008ರ ಮಾರ್ಚ್‌ನಲ್ಲಿ 36 ತುಣುಕುಗಳ ವಾದ್ಯ ಸಂಗೀತ ಬಿಟ್ಟರು. ಮೊದಲ 9 ಪುಕ್ಕಟೆ. ಇಡೀ ಡೌನ್‌ಲೋಡ್ 5 ಡಾಲರ್, ಎರಡು ಸಿಡಿ 10, ದೊಡ್ಡ ಪೆಟ್ಟಿಗೆ 75, ಸಹಿ ಹಾಕಿದ ವಿಶೇಷ ಆವೃತ್ತಿ 300. ಆ 300ರದ್ದು 2,500 ಮಾತ್ರ ಮಾಡಿಸಿದ್ದರು, ಕೆಲವೇ ದಿನದಲ್ಲಿ ಖಾಲಿ. ಅದೊಂದರಿಂದಲೇ ಏಳೂವರೆ ಲಕ್ಷ ಡಾಲರ್.

ಹೆಸರಿಲ್ಲದವರು ಇದನ್ನು ಹಾಗೇ ನಕಲು ಮಾಡೋಕೆ ಹೋಗಬಾರದು. ಅವರಿಗೆ ಅಷ್ಟು ಜನ ಮೊದಲೇ ಕಾದಿದ್ದರು. ಆದರೆ ಸಣ್ಣ ರೂಪದಲ್ಲಿ ನಡೆಯುತ್ತೆ. ಕೈಯಲ್ಲಿ ಬರೆದ ಸಾಹಿತ್ಯದ ಹಾಳೆ ಜೊತೆಗಿರೋ ಹತ್ತು ಸಿಡಿ, ಎರಡು ಪಟ್ಟು ಬೆಲೆಗೆ. ಜಾಸ್ತಿ ಕೊಡಬೇಕು ಅಂತ ಇರುವವರಿಗೆ ಕೊಡೋಕೆ ಒಂದು ನೆಪ ಬೇಕಾಗುತ್ತೆ. ಎರಡು ಮೆಟ್ಟಿಲು ಸಾಕು. ಐದಾರು ಇಟ್ಟರೆ ನೋಡುವವರಿಗೆ ಗೊಂದಲ, ನಿಮಗೆ ಪ್ಯಾಕಿಂಗ್ ಕೆಲಸ.

ಕೇಳುಗ ಮಾತ್ರ:
ಒಂದು ಬೇಡಿಕೆ. ಬೆಲೆ ಇಟ್ಟ ಮೇಲೆ ಎರಡೇ ವಾರಕ್ಕೆ ಅರ್ಧಕ್ಕಿಳಿಸಬೇಡಿ. ಮೊದಲ ದಿನ ಪೂರ್ತಿ ಕೊಟ್ಟು ತಗೊಂಡವರೇ ನಿಮ್ಮ ನಿಜವಾದ ಜನ, ಅವರಿಗೇ ಬೇಜಾರು ಮಾಡಿದ ಹಾಗಾಗುತ್ತೆ. ಇಳಿಸಲೇಬೇಕಾದರೆ ಇಮೇಲ್ ಪಟ್ಟಿಯವರಿಗೆ ಮಾತ್ರ ರಿಯಾಯಿತಿ ಕೋಡ್ ಕಳಿಸಿ. ಪುಟದ ಮೇಲಿನ ಬೆಲೆ ಹಾಗೇ ಇರಲಿ.

ಹಳೇ ಕ್ಯಾಸೆಟ್:
ಬಿಡುಗಡೆ ದಿನಕ್ಕೆ ಬ್ಯಾಂಡ್‌ಕ್ಯಾಂಪ್ ಫ್ರೈಡೇ ನೋಡಿಕೊಳ್ಳಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಹೊತ್ತಿಗೆ ಶುರು ಮಾಡಿದ್ದು. ಆ ದಿನ ಅವರು ತಮ್ಮ ಪಾಲು ಬಿಟ್ಟುಕೊಡ್ತಾರೆ. ಆದರೆ ಎಲ್ಲರೂ ಅವತ್ತೇ ಬಿಡುಗಡೆ ಮಾಡ್ತಾರೆ, ಆ ಗದ್ದಲದಲ್ಲಿ ಹೊಸಬರು ಕಾಣಿಸೋದು ಕಷ್ಟ. ನಾನಾದರೆ ಒಂದು ವಾರ ಮುಂಚೆ ಬಿಟ್ಟು, ಆ ಶುಕ್ರವಾರ ಮತ್ತೊಮ್ಮೆ ನೆನಪಿಸ್ತೀನಿ.

ಒಂಟಿ ಗಿಟಾರು:
ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೀನಿ. ಆಲ್ಬಮ್ ಕನಿಷ್ಠ 6 ಡಾಲರ್, ಮೇಲೆ ಎಷ್ಟಾದರೂ. ಬಿಡಿ ಹಾಡು 1. ಎಲ್ಲ 9 ಹಾಡನ್ನೂ ಪೂರ್ತಿ ಕೇಳೋಕೆ ಬಿಡ್ತೀನಿ. ಮೊದಲನೆಯದು ಮತ್ತು ಆರನೆಯದು ಇಮೇಲ್ ಕೊಟ್ಟವರಿಗೆ ಪುಕ್ಕಟೆ. ಸಿಡಿ ಐವತ್ತು ಮಾತ್ರ, ಅದರಲ್ಲಿ ಹತ್ತಕ್ಕೆ ಕೈಬರಹದ ಹಾಳೆ. ಖರ್ಚು ವಾಪಸ್ ಬರಲ್ಲ ಅನ್ನೋದು ಗೊತ್ತಾಯ್ತು, ಬೇಜಾರಿಲ್ಲ.

ಡ್ರಮ್ ನುಡಿಸಿದವರಿಗೆ ಮೊದಲೇ ಹಣ ಕೊಟ್ಟಾಗಿದೆ. ಮಾರಾಟದಲ್ಲೂ ಪಾಲು ಕೊಡಬೇಕಾ?

ಬಾಸ್ ಲೈನ್:
ಕೂಲಿ ಅಂತ ಮಾತಾಗಿದ್ದರೆ ಬೇಕಿಲ್ಲ. ಆದರೆ ಆ ಮಾತನ್ನು ಈಗಲೇ ಒಂದು ಸಾಲು ಬರೆದು ಇಬ್ಬರೂ ಇಮೇಲ್‌ನಲ್ಲಿ ಒಪ್ಪಿಕೊಳ್ಳಿ. ಹಣ ಕಡಿಮೆ ಇದ್ದಾಗ ಈ ಮಾತು ಸುಲಭ, ಒಂದು ಹಾಡು ಓಡಿಬಿಟ್ಟರೆ ಕಷ್ಟ.

ತಾಳ ತಪ್ಪಿದವ:
ನಾನಂತೂ ಆ ಎರಡು ಪುಕ್ಕಟೆ ಹಾಡು ತಗೊಂಡು ಹೋಗೋ ಗಿರಾಕಿ. ಆರನೆಯದರ ಬದಲು ಕೊನೆಯದನ್ನು ಪುಕ್ಕಟೆ ಇಡಿ ಅಂತ ನನ್ನ ಸಲಹೆ. ಕೊನೆಯ ಹಾಡಿನ ತನಕ ಯಾರೂ ಕೇಳ್ತಾ ಹೋಗಲ್ಲ.

ಮಿಕ್ಸಿಂಗ್ ಮೇಜು:
ಬೇಡ, ಆರನೆಯದೇ ಇರಲಿ, ಅವರಿಗೆ ತಮ್ಮ ಹಾಡು ಗೊತ್ತು. ಬ್ಯಾಂಡ್‌ಕ್ಯಾಂಪ್‌ಗೆ ಹಾಕುವಾಗ ಎಂಪಿ3 ಹಾಕಬೇಡಿ, ಅಲ್ಲಿ ಗುಣಮಟ್ಟ ಕಳೆಯದ ಫೈಲ್, ಅಂದರೆ ವೇವ್, ಎಐಎಫ್‌ಎಫ್ ಇಲ್ಲವೇ ಫ್ಲ್ಯಾಕ್ ಕೇಳ್ತಾರೆ. ಮಾಸ್ಟರಿಂಗ್ ಮಾಡಿದವರಿಂದ ಯಾವುದು ಬಂದಿದೆ ಅಂತ ಇವತ್ತೇ ನೋಡಿ.